ವಾಚಣ್ಣ ಸೊಸೆಯ ಕಂಪ್ಯೂಟರಿಗೆ ಕೈಹಾಕಿದ ದಿನ

ಬೀದಿಯಲ್ಲಿ ಎಲ್ಲರಿಗೂ ಅವರು ವಾಚಣ್ಣ. ಹಲ್ಲುದುರಿದ ಮುದುಕರಿಗೂ ವಾಚಣ್ಣ, ಸ್ಕೂಲ್ ಬ್ಯಾಗು ಹೊತ್ತ ಮಕ್ಕಳಿಗೂ ವಾಚಣ್ಣ. ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಬದುಕಿತ್ತು. ಬಸ್ ಸ್ಟಾಪಿನ ಹಿಂದೆ, ಮಹಡಿ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಬೆನ್ನು ಬಗ್ಗಿಸಿ ಕೂತು ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ. ಜನ ಹೊತ್ತು ನೋಡುವುದಕ್ಕೆ ಜೇಬಿನಿಂದ ಫೋನು ತೆಗೆಯತೊಡಗಿದ ಮೇಲೆ ಗಿರಾಕಿ ಕರಗಿದರು. ಆಮೇಲೆ ಕಟ್ಟಡದವರು ಆ ಮೆಟ್ಟಿಲು ಒಡೆಸಿ ಲಿಫ್ಟು ಹಾಕಿಸಿದರು, ಅಂಗಡಿ ಮುಚ್ಚಿತು. ವಾಚಣ್ಣ ಮನೆಯಲ್ಲಿ ಕೂತರು. ಕೂತರು ಅಂದರೆ ಕೂತರೇ? ಕೈ ಸುಮ್ಮನಿರಬೇಕಲ್ಲ! ನಲ್ಲಿ ಬಿಚ್ಚಿದರು, ಇಸ್ತ್ರಿಪೆಟ್ಟಿಗೆ ಬಿಚ್ಚಿದರು, ಚೆನ್ನಾಗಿಯೇ ತಿರುಗುತ್ತಿದ್ದ ಮಿಕ್ಸಿಯನ್ನೂ ಬಿಚ್ಚಿದರು. ಮನೆಯಲ್ಲಿ ಅವರ ಕೈ ಬೀಳದೆ ಉಳಿದಿದ್ದ ಯಂತ್ರ ಒಂದೇ, ಸೊಸೆಯ ಕಂಪ್ಯೂಟರು.

ಸೊಸೆ ಮನೆಯಲ್ಲೇ ಕೂತು ಕೋಣೆಗಳ ಚಿತ್ರ ಮಾಡುವವಳು. ಇನ್ನೂ ಇಟ್ಟಿಗೆ ಕೂಡ ಇಳಿಸದ ಕೋಣೆಯನ್ನು ಕಟ್ಟಿ ಮುಗಿಸಿ ಫೋಟೋ ತೆಗೆದ ಹಾಗೆ ತೋರಿಸುವ ಕೆಲಸ ಅದು. ವರ್ಷಗಟ್ಟಲೆ ಯಾರ್ಯಾರದೋ ಕೈಕೆಳಗೆ ದುಡಿದಿದ್ದಳು. ಈಗ ಮೊದಲ ಸಲ ತನ್ನ ಹೆಸರಿನಲ್ಲೇ ಒಂದು ಕೆಲಸ ಕೈಗೆ ಬರುವ ಹಾಗಿತ್ತು. ಒಂದು ಹೊಸ ಗ್ರಂಥಾಲಯದ ಓದುವ ಕೋಣೆ. ಸಂಜೆ ಆರರೊಳಗೆ ಚಿತ್ರ ಅಲ್ಲಿನ ಕಾರ್ಯದರ್ಶಿಯಮ್ಮನ ಕೈ ಸೇರಬೇಕು. ಸೇರದಿದ್ದರೆ ಇನ್ನಿಬ್ಬರು ಸಾಲಿನಲ್ಲಿ ನಿಂತಿದ್ದಾರೆ, ಇವಳ ಹೆಸರು ಅಲ್ಲಿಗೇ ಬಿಟ್ಟುಹೋಗುತ್ತದೆ.

"ಈ ಮಿಷಿನ್ ಎಷ್ಟು ನಿಧಾನ ಅಂತೀರಾ ಮಾವ!" ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಅಂದಳು. "ಒಂದು ಚಿತ್ರ ಮುಗಿಸೋಕೆ ನಾಲ್ಕೂವರೆ ಗಂಟೆ ತಗೊಳ್ಳುತ್ತೆ. ಮೇಜಿಗೆ ಹಾಕೋ ಮರದ ಬಣ್ಣ ಒಂದು ಕಣ್ಣಾರೆ ನೋಡ್ಕೊಂಡು ಬಂದ್ಬಿಡ್ತೀನಿ, ಮಧ್ಯಾಹ್ನ ಬಂದ ತಕ್ಷಣ ಮಿಷಿನ್ನನ್ನ ಚಿತ್ರಕ್ಕೆ ಹಚ್ಚಿಬಿಡ್ಬೇಕು."

ಬಾಗಿಲು ಮುಚ್ಚಿತೋ ಇಲ್ಲವೋ, ವಾಚಣ್ಣನ ಕೈ ತುರಿಸತೊಡಗಿತು. ಕೆಲವು ದಿನಗಳಿಂದ ಅವರು ಫೋನಿನಲ್ಲಿ ಕಂಪ್ಯೂಟರಿನ ವೇಗ ಹೆಚ್ಚಿಸುವ ವಿಡಿಯೋಗಳನ್ನೇ ನೋಡುತ್ತಿದ್ದರು. ಶುರುವಾದದ್ದು ಒಂದು ಸಣ್ಣ ಬೆಳ್ಳಿ ಬಣ್ಣದ ಡಬ್ಬಿಯಿಂದ. ವಿಡಿಯೋದವನು ಕಂಪ್ಯೂಟರಿನ ಹಸಿರು ಹಲಗೆ ತೋರಿಸುವಾಗ ಮೂಲೆಯಲ್ಲಿ ಅದು ಕಂಡಿತ್ತು. ವಾಚಣ್ಣ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಅರೆ, ಇದು ಕ್ವಾರ್ಟ್ಸ್ ಹರಳಲ್ಲವೇ! ಬ್ಯಾಟರಿ ವಾಚಿನೊಳಗೆ ಇರುವಂಥದ್ದೇ, ತಮ್ಮ ಚಿಮಟಿಗೆಯಲ್ಲಿ ಸಾವಿರ ಸಲ ಎತ್ತಿ ಇಟ್ಟಂಥದ್ದೇ! ಇಷ್ಟು ದೊಡ್ಡ ಯಂತ್ರವೂ ಒಂದು ಹರಳಿನ ತಾಳಕ್ಕೆ ಕುಣಿಯುತ್ತದೆ, ಆ ತಾಳವನ್ನು ಒಳಗೆ ಸೆಕೆಂಡಿಗೆ ಮುನ್ನೂರೈವತ್ತು ಕೋಟಿ ಬಡಿತದ ತನಕ ಏರಿಸುತ್ತಾರೆ ಎಂದು ಕೇಳಿದಾಗ ಮೈ ಜುಮ್ಮೆಂದಿತ್ತು. ಆ ಬಡಿತವನ್ನು ಇನ್ನೂ ಕೊಂಚ ಮುಂದಕ್ಕೆ ತಳ್ಳಬಹುದಂತೆ. ಹಿಂದೆ ಬಿದ್ದ ವಾಚನ್ನು ಮುಂದಕ್ಕೆ ತಳ್ಳುವುದು ತಮಗೆ ಹೊಸದೇ? ಸೊಸೆ ಬರುವಷ್ಟರಲ್ಲಿ ಮಾಡಿಟ್ಟರೆ ಹುಡುಗಿ ಕಣ್ಣರಳಿಸಿ ನಿಲ್ಲುತ್ತಾಳೆ ಅಂದುಕೊಂಡರು.

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಕಣ್ಣಿಗೆ ತಮ್ಮ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿದವರು ಎಷ್ಟೋ ಹೊತ್ತು ಕೆಲಸವನ್ನೇ ಮರೆತರು. ಕೂದಲಿಗಿಂತ ಸಣ್ಣ ದಾರಿಗಳು ಸಾಲುಸಾಲಾಗಿ ಹೋಗಿ, ಎಲ್ಲಿಯೂ ಒಂದಕ್ಕೊಂದು ತಾಗದೆ ತಿರುಗಿ, ಎಲ್ಲ ಬಂದು ಸೇರುತ್ತಿದ್ದದ್ದು ನಡುವಿನ ಫ್ಯಾನಿನ ಅಡಿಗೆ. "ಯಾರಪ್ಪ ಇದನ್ನ ಮಾಡಿದ ಪುಣ್ಯಾತ್ಮ!" ಎಂದು ಖಾಲಿ ಮನೆಯಲ್ಲಿ ಗಟ್ಟಿಯಾಗಿಯೇ ಅಂದರು. ಫ್ಯಾನು ಬಿಚ್ಚಿ ಧೂಳು ಊದಿದರು, ಕೆಳಗಿನ ಚಿಪ್ಪನ್ನು ಫಳಫಳ ಹೊಳೆಯುವ ಹಾಗೆ ಚೊಕ್ಕ ಮಾಡಿ ಮತ್ತೆ ಕೂರಿಸಿದರು. ಆಮೇಲೆ ವಿಡಿಯೋದವನು ಹೇಳಿದ ಹಾಗೆ ಕೀಲಿ ಒತ್ತಿ ವೇಗ ಬದಲಿಸುವ ನೀಲಿ ಪರದೆಗೆ ಹೋದರು. ಮೂವತ್ತೈದು, ಅಂದರೆ ಮುನ್ನೂರೈವತ್ತು ಕೋಟಿ, ಎಂದಿದ್ದ ಅಂಕಿಯನ್ನು ಒಂದೇ ಏಟಿಗೆ ನಲವತ್ತೆರಡಕ್ಕೆ ಏರಿಸಿದರು.

ಕಂಪ್ಯೂಟರು ಎದ್ದಿತು! ವಾಚಣ್ಣ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರು, ಮತ್ತೆ ಕಪ್ಪು. ಮೂರನೆಯ ಸಲ ಹಚ್ಚಲು ಹೋದವರು ಕೈ ಹಿಂದಕ್ಕೆ ತೆಗೆದರು. ಆ ಪೆಟ್ಟಿಗೆಯೊಳಗೆ ಇದ್ದದ್ದು ಹುಡುಗಿಯ ಅಷ್ಟು ವರ್ಷದ ಆಸೆ ಎಂಬುದು ಆಗ ಅವರಿಗೆ ನೆಟ್ಟಗೆ ಹೊಳೆಯಿತು.

ಸೊಸೆ ಬಂದಾಗ ಬಾಗಿಲಲ್ಲೇ ನಿಂತಿದ್ದರು. ಮುಚ್ಚಿಡುವ ಜಾಯಮಾನ ಅವರದಲ್ಲ.

"ನಿನ್ನ ಕಂಪ್ಯೂಟರಿಗೆ ಕೈ ಹಾಕ್ಬಿಟ್ಟೆ ಕಣಮ್ಮ. ಜೋರಾಗಿ ಓಡಿಸೋಣ ಅಂತ ಹೋದೆ. ಈಗ ಓಡ್ತಾನೇ ಇಲ್ಲ, ಹಚ್ಚಿದ್ರೆ ಆರೋಗುತ್ತೆ."

"ಇವತ್ತೇನಾ ಮಾವ? ಇವತ್ತೇ ಸಿಕ್ತಾ ನಿಮಗೆ?" ಅಂದಳು. ಇನ್ನೇನೋ ಬಾಯಿಗೆ ಬಂದಿತ್ತು, ನುಂಗಿಕೊಂಡು ಕುರ್ಚಿ ಎಳೆದು ಕೂತಳು. ಆ ನುಂಗಿಕೊಂಡ ಮಾತು ವಾಚಣ್ಣನಿಗೆ ಬೈದದ್ದಕ್ಕಿಂತ ಹೆಚ್ಚು ತಾಗಿತು.

ಅವಳು ಅಂಕಿಯನ್ನು ಮತ್ತೆ ಮೂವತ್ತೈದಕ್ಕೇ ಇಳಿಸಿದಳು. ಸರಿಹೋಗಬೇಕಿತ್ತು. ಹೋಗಲಿಲ್ಲ. ಚಿತ್ರಕ್ಕೆ ಹಚ್ಚಿದ ಒಂದೇ ನಿಮಿಷಕ್ಕೆ ಆರಿತು. ಇನ್ನೊಂದು ಸಲ ಹಚ್ಚಿ, ಬಿಸಿ ತೋರಿಸುವ ಕಿಟಕಿ ತೆರೆದಿಟ್ಟುಕೊಂಡು ಇಬ್ಬರೂ ನೋಡಿದರು. ಅರವತ್ತು, ಎಂಬತ್ತು, ತೊಂಬತ್ತೆಂಟು. ಕಪ್ಪು.

"ವೇಗ ಹಳೇದೇ ಇದೆ, ಫ್ಯಾನ್ ತಿರುಗ್ತಾ ಇದೆ, ಆದ್ರೂ ನೀರು ಕುದಿಯೋ ಅಷ್ಟು ಬಿಸಿ ಆಗ್ತಿದೆಯಲ್ಲ," ಅಂದಳು ಸೊಸೆ. "ಸುಟ್ಟುಹೋಗೋ ಮೊದಲು ಅದೇ ತನ್ನನ್ನ ಆರಿಸಿಕೊಳ್ತಾ ಇದೆ, ಅಷ್ಟೇ ಪುಣ್ಯ."

"ತನ್ನ ಮೈ ಬಿಸಿ ಅದಕ್ಕೇ ಗೊತ್ತಾಗುತ್ತಾ?" ವಾಚಣ್ಣ ಕಣ್ಣು ಕಣ್ಣು ಬಿಟ್ಟರು. ಅಂಥ ಹೊತ್ತಿನಲ್ಲೂ ಬೆರಗಾಗದೆ ಇರಲು ಅವರಿಂದ ಆಗಲಿಲ್ಲ. ಮುರಿಯುವ ಮುಂಚೆ ನಿಲ್ಲುವ ವಾಚನ್ನು ಅವರು ಕಂಡವರಲ್ಲ.

"ಮಾವ, ಏನೇನು ಮಾಡಿದ್ರಿ? ಒಂದೂ ಬಿಡದೆ ಹೇಳಿ."

ತಗಡು ಬಿಚ್ಚಿದ್ದು ಹೇಳಿದರು. ಧೂಳು ಊದಿದ್ದು, ಕೀಲಿ ಒತ್ತಿದ್ದು, ಅಂಕಿ ಏರಿಸಿದ್ದು ಹೇಳಿದರು. ಅವಳು ಮತ್ತೆ ಕೇಳಿದಳು, ಮತ್ತೆ ಅಷ್ಟನ್ನೇ ಹೇಳಿದರು. ಫ್ಯಾನಿನ ತಿರುಪುಗಳನ್ನು ಬಿಗಿ ಮಾಡಿ ನೋಡಿದಳು. ತಂತಿಗಳನ್ನೆಲ್ಲ ಒತ್ತಿ ನೋಡಿದಳು. ಗಂಟೆ ಒಂದಾಯಿತು. ಕೊನೆಗೆ ಸಾಕಾಗಿ ತಲೆ ಮೇಲೆ ಕೈಹೊತ್ತು ಕೂತಾಗ ವಾಚಣ್ಣ ಸಮಾಧಾನಕ್ಕೆಂದು ಅಂದರು, "ಕೊಳೆಯಿಂದಂತೂ ಆಗಿರೋಕಿಲ್ಲಮ್ಮ. ಫ್ಯಾನಿನ ಅಡಿಲಿ ಹಳೇ ಗ್ರೀಸು ಒಣಗಿ ಮೆತ್ಕೊಂಡಿತ್ತು. ಸ್ಪಿರಿಟ್ ಹಾಕಿ ಉಜ್ಜಿ ಉಜ್ಜಿ ತೆಗೆದಿದ್ದೀನಿ. ಮುಖ ನೋಡ್ಕೋಬಹುದು, ಹಾಗೆ ಮಾಡಿದ್ದೀನಿ."

"ಮಾವಾ!"

ಪಕ್ಕದ ಮನೆಗೂ ಕೇಳಿಸಿರಬೇಕು.

"ಅದು ಕೊಳೆ ಅಲ್ಲ ಮಾವ, ಪೇಸ್ಟು! ಬೇಕು ಅಂತಲೇ ಹಾಕಿರೋದು! ಚಿಪ್ಪಿನ ಬಿಸಿ ಫ್ಯಾನಿಗೆ ದಾಟೋದೇ ಅದರ ಮೂಲಕ. ಇದನ್ಯಾಕೆ ಮೊದಲೇ ಹೇಳ್ಲಿಲ್ಲ?"

"ಚೊಕ್ಕ ಮಾಡಿದ್ದನ್ನೂ ಹೇಳ್ಬೇಕಾ?" ವಾಚಣ್ಣ ಪಾಪ, ನಿಜವಾಗಿಯೂ ತಬ್ಬಿಬ್ಬಾಗಿದ್ದರು. ಯಾರ ವಾಚೇ ಬರಲಿ, ಹಳೆಯ ಜಿಡ್ಡು ತೆಗೆಯುವುದು ಅವರಿಗೆ ಕೆಲಸದ ಲೆಕ್ಕದಲ್ಲೇ ಇರಲಿಲ್ಲ. ಅನ್ನಕ್ಕೆ ಕೂರುವ ಮುಂಚೆ ಕೈ ತೊಳೆದೆ ಎಂದು ಯಾರಾದರೂ ಡಂಗುರ ಹೊಡೆಯುತ್ತಾರೆಯೇ?

ಸೊಸೆ ಅವರನ್ನೇ ನೋಡಿದಳು. ಕೋಪದಲ್ಲಿದ್ದವಳಿಗೆ ಅದೆಲ್ಲಿಂದಲೋ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಓಡಿ ಮಾವ, ಓಡಿ. ಮೂಲೆ ಅಂಗಡಿಲಿ ಥರ್ಮಲ್ ಪೇಸ್ಟ್ ಅಂತ ಕೇಳಿ."

ವಾಚಣ್ಣ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಕಂಡು ಬೀದಿಯವರು ಯಾರಿಗೋ ಏನೋ ಆಗಿದೆ ಅಂದುಕೊಂಡರು. ಕಂಪ್ಯೂಟರ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಅವನು ಕೈ ಒರೆಸಿಕೊಳ್ಳುತ್ತಾ ಬರುವ ತನಕ ಶಟರಿನ ಮುಂದೆ ಚಡಪಡಿಸಿದ್ದು ವಾಚಣ್ಣನಿಗೇ ಗೊತ್ತು. ಪುಟ್ಟ ಟ್ಯೂಬು ಹಿಡಿದು ವಾಪಸು ಬಂದಾಗ ಸೊಸೆ ಫ್ಯಾನು ಬಿಚ್ಚಿ ಇಟ್ಟಿದ್ದಳು.

"ಒಂದ್ನಿಮಿಷ, ನೋಡ್ತೀನಿ," ಎಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು. ತಾವು ಕನ್ನಡಿ ಮಾಡಿದ್ದೇವೆ ಅಂದುಕೊಂಡಿದ್ದ ಲೋಹದ ಮೇಲೆ ಗೀರುಗಳು, ಉಳುಮೆ ಮಾಡಿದ ಹೊಲದ ಹಾಗೆ. ಆ ಸಂದುಗಳಲ್ಲಿ ನಿಂತ ಗಾಳಿಯೇ ಬಿಸಿಯನ್ನು ಕಟ್ಟಿಹಾಕಿತ್ತಂತೆ. ನೋಡಿದರೆ ಕಾಣದಷ್ಟು ಗಾಳಿ ಇಷ್ಟು ದೊಡ್ಡ ಯಂತ್ರವನ್ನು ಕೆಡವಿತ್ತು! ಸೊಸೆ ಕಡಲೆಕಾಳಿನಷ್ಟು ಪೇಸ್ಟು ಇಟ್ಟಳು, ಅವರು ಅಲುಗದ ಕೈಯಿಂದ ಫ್ಯಾನು ಕೂರಿಸಿದರು.

ಹಚ್ಚಿದರು. ಅರವತ್ತಕ್ಕೆ ಬಂದ ಬಿಸಿ ಅಲ್ಲೇ ನಿಂತಿತು. ವಾಚಣ್ಣನಿಗೆ ಹೋದ ಜೀವ ಬಂದ ಹಾಗಾಯಿತು.

ಸೊಸೆ ಮಾತ್ರ ನಿಟ್ಟುಸಿರು ಬಿಡಲಿಲ್ಲ. ಗೋಡೆ ಗಡಿಯಾರದ ಕಡೆ ನೋಡಿದಳು. ಎರಡಕ್ಕೆ ಕಾಲು ಗಂಟೆ ಇತ್ತು. "ನಾಲ್ಕೂವರೆ ಗಂಟೆ ಬೇಕು ಮಾವ. ಆರೂಕಾಲು ಆಗೋಗುತ್ತೆ. ಚಿತ್ರದ ಗುಣಮಟ್ಟ ಇಳಿಸಿದ್ರೆ ಬೇಗ ಮುಗಿಯುತ್ತೆ, ಆದ್ರೆ ಬೆಳಕೆಲ್ಲ ಮರಳು ಚೆಲ್ಲಿದ ಹಾಗೆ ಕಾಣುತ್ತೆ. ಅಂಥದ್ದನ್ನ ಕಳಿಸೋದೂ ಒಂದೇ, ಬಿಡೋದೂ ಒಂದೇ."

ಬಿಸಿಯ ಅಂಕಿಯನ್ನು ಇನ್ನೊಂದು ಸಲ ನೋಡಿದಳು. ಅವಳೇ ಮೆಲ್ಲಗೆ ಅಂದಳು, "ಈಗ ಬಿಸಿ ಹಿಡಿತದಲ್ಲಿದೆ. ವೇಗ ಏರಿಸಿದ್ರೆ?"

"ಬೇಡಮ್ಮ. ನಿನ್ನ ಅನ್ನಕ್ಕೆ ಒಂದ್ಸಲ ಕಲ್ಲು ಹಾಕಿದ್ದು ಸಾಕು."

"ಬೆಳಿಗ್ಗೆ ಒಬ್ರೇ ಮಾಡಿದ್ರಿ, ಅದೇ ತಪ್ಪು. ಈಗ ಇಬ್ರು ಇದ್ದೀವಿ. ನಲವತ್ತಕ್ಕೆ ಇಡ್ತೀನಿ."

"ಒಂದೇ ಸಲ ಬೇಡ!" ವಾಚಣ್ಣ ಅವಳ ಕೈ ತಡೆದರು. "ಒಂದೊಂದೇ ಏರಿಸು. ಏರಿಸಿ ಸುಮ್ಮನೆ ನೋಡು. ಅದು ಒಪ್ಪಿದ್ರೆ ಮುಂದಕ್ಕೆ. ನಾನು ಬೆಳಿಗ್ಗೆ ಆಸೆಬುರುಕ ಆಗಿದ್ದೆ."

ಹಾಗೆಯೇ ಮಾಡಿದರು. ಮೂವತ್ತಾರು, ಮೂವತ್ತೇಳು. ಅವಳು ಅಂಕಿ ಒತ್ತುವುದು, ಅವರು ಪೆಟ್ಟಿಗೆಗೆ ಕಿವಿಯಿಟ್ಟು ಬಿಸಿಯ ಮೇಲೆ ಕಣ್ಣಿಡುವುದು. ನಲವತ್ತರಲ್ಲಿ ಯಂತ್ರ ಗಟ್ಟಿಯಾಗಿ ನಿಂತಿತು. ನಲವತ್ತೊಂದಕ್ಕೆ ಪರದೆ ಮರಗಟ್ಟಿತು. ತಕ್ಷಣ ನಲವತ್ತಕ್ಕೆ ಇಳಿದು ಚಿತ್ರಕ್ಕೆ ಹಚ್ಚಿದರು.

ಆಮೇಲೆ ಕಾಯುವುದು. ಕಪ್ಪು ಪರದೆಯ ಮೇಲೆ ಚಿತ್ರ ಚೌಕ ಚೌಕವಾಗಿ ಮೂಡತೊಡಗಿತು. ಮೊದಲು ಕಿಟಕಿಯ ಮೂಲೆ, ಆಮೇಲೆ ಉದ್ದನೆಯ ಮೇಜು, ಮೇಜಿನ ಮೇಲೆ ಬಿದ್ದ ಬಿಸಿಲು. ಎಲ್ಲಿಯೂ ಇಲ್ಲದ ಕೋಣೆಗೆ ಎಲ್ಲಿಯೂ ಇಲ್ಲದ ಬಿಸಿಲು ಬರುತ್ತಿತ್ತು.

"ಇದನ್ನ ನೀನು ಬರೆದದ್ದಾ?" ಅಂದರು ವಾಚಣ್ಣ.

"ಗೋಡೆ, ಮೇಜು ನನ್ನದು. ಬೆಳಕು ಅದರದ್ದು. ಒಂದೊಂದು ಕಿರಣ ಎಲ್ಲಿ ಬಡಿದು ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕ್ತಿದೆ. ಅದಕ್ಕೇ ಇಷ್ಟು ಹೊತ್ತು."

ಲೆಕ್ಕ ಎಂಬ ಮಾತು ಬಿದ್ದದ್ದೇ ವಾಚಣ್ಣ ತಾವೂ ಮನಸ್ಸಿನಲ್ಲೇ ಲೆಕ್ಕಕ್ಕೆ ಇಳಿದರು. ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಸೊಸೆ ಕಾಫಿ ತಂದಿಟ್ಟದ್ದು ತಣ್ಣಗಾಯಿತು. ಐದೂವರೆ ದಾಟಿದಾಗ ಕೆಳಗಿನ ಸಾಲು ಇನ್ನೂ ಕಪ್ಪಾಗಿತ್ತು, ಅವಳು ಉಗುರು ಕಚ್ಚುತ್ತಾ ನಿಂತೇ ಇದ್ದಳು. ಕೊನೆಯ ಚೌಕ ತುಂಬಿದ್ದೇ ತಡ, ಕಳಿಸಿಬಿಟ್ಟಳು. ಆರಕ್ಕೆ ಇನ್ನೂ ಒಂದೆರಡು ನಿಮಿಷ ಉಳಿದಿತ್ತು.

ಫೋನು ಬಂತು. ಕಾರ್ಯದರ್ಶಿಯಮ್ಮನ ದನಿ ವಾಚಣ್ಣನಿಗೂ ಕೇಳಿಸುತ್ತಿತ್ತು. "ಆ ಬಿಸಿಲು ನೋಡಿ ಈಗಲೇ ಹೋಗಿ ಕೂತ್ಕೋಬೇಕು ಅನ್ನಿಸ್ತಮ್ಮ. ನಾಳೆ ಬಂದು ಮಾತಾಡಿ, ಕೆಲಸ ನಿಮ್ಮದೇ."

ಸೊಸೆ ಫೋನಿಟ್ಟು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಮಾವ ಇನ್ನೂ ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದರು.

"ಯಾಕೆ ಮಾವ, ಆಗಿಂದ ಗರ ಬಡಿದವರ ಹಾಗೆ ಕೂತಿದ್ದೀರಿ? ಕೆಲಸ ಸಿಕ್ತು!"

"ಸಿಕ್ತಲ್ಲ, ತುಂಬಾ ಸಂತೋಷ ಕಣಮ್ಮ." "ಒಂದು ಲೆಕ್ಕ ಹಾಕ್ದೆ. ಕೀ ಕೊಡೋ ಕೈಗಡಿಯಾರ ಸೆಕೆಂಡಿಗೆ ಐದು ಸಲ ಬಡಿಯುತ್ತೆ. ಇದು ಈಗ ನಾನೂರು ಕೋಟಿ ಸಲ. ವಾಚು ಇಪ್ಪತ್ತೈದು ವರ್ಷ ಹಗಲೂ ರಾತ್ರಿ ಬಡಿದ್ರೆ ಎಷ್ಟಾಗುತ್ತೋ ಅಷ್ಟನ್ನ ಇದು ಒಂದು ಸೆಕೆಂಡಲ್ಲಿ ಮುಗಿಸುತ್ತೆ. ನಾನು ಅಂಗಡೀಲಿ ಕೂತಿದ್ದು ಐವತ್ತು ವರ್ಷ. ಎರಡು ಸೆಕೆಂಡು ಕಣಮ್ಮ. ನನ್ನದೆಲ್ಲ ಸೇರಿ ಎರಡೇ ಸೆಕೆಂಡು."

ಹೇಳುವಾಗ ಅವರ ದನಿಯಲ್ಲಿ ದುಃಖವಿತ್ತು. ದುಃಖಕ್ಕಿಂತ ದೊಡ್ಡದಾಗಿ ಬೆರಗಿತ್ತು.

ಸೊಸೆ ಊಟದ ಮನೆಗೆ ಹೋಗಿ ಇನ್ನೊಂದು ಕುರ್ಚಿ ಎಳೆದುಕೊಂಡು ಬಂದಳು. ಕಂಪ್ಯೂಟರಿನ ಮುಂದೆ ತನ್ನ ಕುರ್ಚಿಗೆ ಒತ್ತಾಗಿ ಹಾಕಿದಳು.

"ನಾಳೆಯಿಂದ ಕೆಲಸ ರಾಶಿ ಬೀಳುತ್ತೆ, ಒಬ್ಬಳ ಕೈಲಿ ಆಗಲ್ಲ. ನನ್ನ ಜೊತೆ ಇನ್ನೊಂದು ಸೆಕೆಂಡು ಕೂತ್ಕೊಳ್ಳಿ ಮಾವ."

ವಾಚಣ್ಣನ ಬೆರಳುಗಳು ತಾವಾಗಿಯೇ ಮಡಚಿಕೊಂಡವು. "ಇನ್ನೊಂದು ಸೆಕೆಂಡು ಅಂದ್ರೆ ತೊಂಬತ್ತು ದಾಟೋಗುತ್ತಲ್ಲಮ್ಮ ನನಗೆ!"

"ದಾಟ್ಲಿ ಬಿಡಿ," ಅಂದಳು ಸೊಸೆ, ಕುರ್ಚಿಯ ಮೇಲಿನ ಧೂಳು ಒರೆಸುತ್ತಾ.