ಹೋಳಿಗಿ ಗೋದಿಯ ಬಿಸ್ಕಿಟು

ನಾ ಆಯಿ ಆದ್ನಿ. ಇದನ್ನ ಮೊದಲ ಹೇಳಿಬಿಡತೇನಿ, ಉಳಿದದ್ದು ಹಿಂದಿನಿಂದ ಬರಲಿ. ನಮ್ಮ ಮಗಳು ಸುಷ್ಮಾಗ ಲಗ್ನಾಗಿ ಭಾಳ ವರ್ಷದ ಮ್ಯಾಲೆ ಹೆಣ್ಣ ಕೂಸ ಹುಟ್ಟೈತಿ. ಇವತ್ತ ಕಾಗವಾಡದ ನಮ್ಮ ಮನ್ಯಾಗ ಅದನ್ನ ತೊಟ್ಟಿಲಕ್ಕ ಹಾಕಿದಿವಿ. ಕೂಸಿನ ಅಂಗಾಲು ನನ್ನ ಹೆಬ್ಬೆರಳಿನಷ್ಟ ಐತಿ. ಸಾಲಿ ಅರ್ಧಕ್ಕ ಬಿಟ್ಟಾಕಿ ನಾನು, ಬರಿಯೂದು ನಿಧಾನ. ಹಿಗ್ಗು ಮಾತ್ರ ನಿಧಾನ ಇಲ್ಲ. ಹಾಲಿನವಗ ಈ ಸುದ್ದಿ ಎರಡ ಸಲ ಹೇಳೇನಂತ ಸುಷ್ಮಾ ಒಳಗ ಕುಂತ ನಗತಿದ್ಲು. ಆದ್ರ ಇಷ್ಟ ಹಿಗ್ಗಿನೊಳಗೂ ನಿನ್ನೆಯಿಂದ ನನ್ನ ಮುಖ ನಾಚಿಕಿಂದ ಬಿಸಿಯಾಗೇ ಐತಿ. ಅದಕ್ಕ ಕಾರಣ, ಹಿಟ್ಟಿನ ವಾಸನಿ.

ತೊಟ್ಟಿಲ ಕಾರ್ಯಕ್ಕ ಮಿರಜಿಯಿಂದ ದೊಡ್ಡ ಕೇಕ್ ತರತೇನಿ ಅಂತ ಅಳಿಯಂದ್ರು ಅಂದಿದ್ರು. ಬಾಣಂತಿ ಮಲಗಿದ್ದಲ್ಲಿಂದನ ಸುಷ್ಮಾ ಬ್ಯಾಡ ಅಂದ್ಲು. "ಅಂಗಡಿ ಕೇಕಿನ್ಯಾಗ ತತ್ತಿ ಇರತಾವು. ನನ್ನ ಮಗಳ ಮೊದಲನೇ ಕೇಕ್ ನೀನ ಮಾಡ ಬೇ ಅವ್ವಾ." ನಾ ಹುಟ್ಟಿ ಕೇಕ್ ಮಾಡಿದಾಕಿ ಅಲ್ಲ. ಆದ್ರೂ ಹೂಂ ಅಂದ್ನಿ. ಫೋನಿನ್ಯಾಗ ನೋಡಿ ಮೈದಾ ಬೇಕಂದ್ಲು. ನಮ್ಮದು ಜೈನರ ಮನಿ. ಮಳಿಗಾಲದಾಗ ಬೀಸಿದ ಹಿಟ್ಟಿಗೆ ಮೂರ ದಿನದ ಆಯುಷ್ಯ ಅಂತ ನಮ್ಮವ್ವ ಕಲಿಸಿದ್ದು, ಪಾಕೀಟಿನ ಮೈದಾ ಯಾವ ದಿನ ಬೀಸ್ಯಾರೋ ಯಾರ ಬಲ್ಲರು. ಅದಕ್ಕ ಚಪಾತಿ ಗೋದಿ ಒಂದ ಡಬ್ಬಿ, ಹುಗ್ಗಿ ಮಾಡೂ ಖಪಲಿ ಗೋದಿ ಒಂದ ಡಬ್ಬಿ ತಗೊಂಡ ನಿನ್ನೆ ಗಿರಣಿಗೆ ಹೋದ್ನಿ. ತಿರುಗಿ ಬರೂ ಮುಂದ ಟೊಂಕದ ಮ್ಯಾಲಿನ ಡಬ್ಬಿ ಬಿಸಿಯಾಗಿತ್ತು, ಮುಚ್ಚಳದ ಸಂದಿಯೊಳಗಿಂದ ಹುರದಂಥಾ ಸಿಹಿ ವಾಸನಿ ಬಂತು. ರಸ್ತೆದಾಗ ಕಾಲ ನಿಂತವು. ಮುದುಕಿ ಹೋಗಿ, ನಿಪ್ಪಾಣಿಯ ಬೇಕರಿ ಮುಂದ ಡಬ್ಬಿ ಹಿಡಕೊಂಡ ನಿಂತ ಹುಡಿಗಿ ಆದ್ನಿ.

ನನ್ನ ತವರಮನಿ ನಿಪ್ಪಾಣಿ ಹತ್ತರದ ಭೋಜ ಅನ್ನೂ ಹಳ್ಳಿ. ತಂಬಾಕಿನ ಒಕ್ಕಲತನ, ಕೂಡಿದ ಮನಿ. ಪಡಸಾಲಿಯೊಳಗ ಕಾಲಿಟ್ರ ಒಣಗಿದ ತಂಬಾಕಿನ ಘಾಟಿಗೆ ಮೂಗು ಜುಮ್ ಅಂತಿತ್ತು. ಹಿಟ್ಟಿಗೆ ಆ ವಾಸನಿ ಹತ್ತಬಾರದಂತ ನಮ್ಮವ್ವ ಹಿತ್ತಾಳಿ ಡಬ್ಬಿಗೆ ಬಿಳಿ ಅರಬಿ ಕಟ್ಟಿ, ದೇವರ ಕ್ವಾಣಿಯ ಮಗ್ಗಲಕ ಇಡತಿದ್ಲು. ಅಕಿ ಹಿಟ್ಟ ಮುಟ್ಟೂ ರೀತಿನ ಬ್ಯಾರೆ. ಒಂದ ಮುಷ್ಟಿ ಹಿಡದ, ಬಿಟ್ಟ, ಬೆರಳ ಗುರುತು ನಿಲ್ತೋ ಇಲ್ಲೋ ನೋಡಾಕಿ. ಮನಿಗೆ ಯಾರ ಬಂದ್ರೂ ಚಹಾದ ಸಂಗಾಟ ಅಪ್ಪನ ತಮ್ಮನ ಹೆಂಡತಿ, ನಮ್ಮ ಕಾಕಿಯ ಬಿಸ್ಕಿಟಿನ ಡಬ್ಬಿ ಹೊರಗ ಬರತಿತ್ತು. ಕಾಕಿಯ ತವರ ನಿಪ್ಪಾಣಿ. ಆ ಊರಾಗ ಮನಿಯಿಂದ ಮೈದಾ, ಸಕ್ರಿ, ಡಾಲ್ಡಾ ಒಯ್ದ ಬೇಕರಿ ಭಟ್ಟಿಯೊಳಗ ಬಿಸ್ಕಿಟ್ ಮಾಡಿಸಿ, ತಗಡಿನ ಡಬ್ಬಿ ತುಂಬಿಕೊಂಡ ಬರೂ ರೂಢಿ ಇತ್ತು. ಬೆಳ್ಳಗ, ಬಾಯಾಗಿಟ್ರ ಕರಗೂ ಬಿಸ್ಕಿಟು. ನಮ್ಮವ್ವನ ತವರಿಂದ ಬಂದವರ ಮುಂದೂ ಅದ ಡಬ್ಬಿ. ಒಂದ ಪಂಚಮಿಗೆ ನಮ್ಮ ಮಾಮಾ ಬರಾಂವ ಇದ್ದ. "ಒಂದ ಸಲರೆ ನನ್ನ ಅಣ್ಣನ ಮುಂದ ನನ್ನ ಡಬ್ಬಿ ಇಡತೇನಿ," ಅಂತ ಅವ್ವ ಕೇಳಿಕೊಂಡ್ಲು. ಅಕಿ ಬಾಯಿಬಿಟ್ಟ ಬೇಡಿದ್ದು ನಾ ಕಂಡದ್ದು ಅದೊಂದ.

ಮೈದಾ ಅಕಿ ಮುಟ್ಟಾಕಿ ಅಲ್ಲ. ಅದಕ್ಕ ಮನ್ಯಾಗ ಇದ್ದದ್ರೊಳಗ ಎಲ್ಲಾಕಿಂತಾ ಚಲೋದನ್ನ ಆರಿಸಿದ್ಲು. ಹೋಳಿಗಿಗಂತ ತಗದಿಟ್ಟ ಗೋದಿ. ಅದರ ಹಿಟ್ಟ ಕಲಸಿ ಎಳದ್ರ ಅರಬಿಹಂಗ ಜಗ್ಗತಿತ್ತು. ಹಸನ ಮಾಡಿ, ಬೀಸಿ, ಜರಡಿ ಹಿಡದ, ತುಪ್ಪ ಸಕ್ರಿ ಕೊಟ್ಟ ನನ್ನ ಬಸ್ಸಿಗೆ ಹತ್ತಿಸಿದ್ಲು. "ಚಲೋತ್ನಂಗ ನಾದಾಕ ಹೇಳ ಅವರಿಗೆ," ಅಂದಿದ್ಲು. ನಾ ಹಂಗ ಹೇಳಿದ್ನಿ. ಭಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡ, ನಾದಿದ್ರು. ತಗಡು ಹೊರಗ ಬಂದಾಗ ಎಲ್ಲಾರ ಬಿಸ್ಕಿಟು ಮಲ್ಲಿಗಿಹಂಗ ಅರಳಿದ್ವು. ನಮ್ಮವು ಕಂದಬಣ್ಣದಾಗ, ಹೆಂಗಿಟ್ಟಿದ್ರೋ ಹಂಗ, ಕಟ್ಟಿಗಿಹಂಗ ಬಿರುಸಾಗಿ ಕುಂತಿದ್ವು. ಬಾಜೂ ನಿಂತ ಒಬ್ಬಾಕಿ ಒಂದನ್ನ ತಗೊಂಡ ಭಟ್ಟಿಯ ಕಟ್ಟಿ ಮ್ಯಾಲೆ ಕುಟ್ಟಿ, ಇವನ್ನ ಅಂಗಳಕ್ಕ ಹಾಸ್ರಿ, ಫರಶಿ ರೊಕ್ಕ ಉಳೀತೈತಿ ಅಂದ್ಲು. ಎಲ್ಲಾರೂ ನಕ್ಕರು. ನನ್ನ ಕಿವಿ ಸುಟ್ಟವು. ಭಟ್ಟಿಯ ಮುದುಕ ಮಾತ್ರ ನಗಲಿಲ್ಲ. ಡಬ್ಬಿ ತುಂಬಿಕೊಡತಾ, "ಹಿಟ್ಟ ಭಾಳ ಚಲೋ ಐತಿ ಬೇಟಿ. ಬಿಸ್ಕಿಟಿಗೆ ಇಷ್ಟ ಚಲೋ ಇರಬಾರದು," ಅಂದ. ತಿರುಗಿ ಬರೂ ಬಸ್ಸಿನ್ಯಾಗ ಪ್ರತಿ ತೆಗ್ಗಿಗೂ ತೊಡಿಮ್ಯಾಲಿನ ಡಬ್ಬಿ ಕಲ್ಲ ತುಂಬಿದಂಗ ಖಡಖಡ ಅಂತಿತ್ತು. ಜನಾ ತಿರುಗಿ ನೋಡಾಕತ್ತಿದ್ರು. ಡಬ್ಬಿ ಎದಿಗೆ ಅವಚಿಕೊಂಡ್ರೂ ಸಪ್ಪಳ ನಿಲ್ಲಲಿಲ್ಲ.

ಮನಿಗೆ ಬಂದ ಇದ್ದದ್ದನ್ನ ಇದ್ದಂಗ ಅವ್ವಗ ಹೇಳಿದ್ನಿ. ಕಾಕಿ ಒಂದ ಬಿಸ್ಕಿಟ ದವಡಿಗೆ ಹಚ್ಚಿ, ಕಡಿಲಾರದ ತಟ್ಟಿಯೊಳಗ ಇಟ್ಟ, "ಅಕ್ಕಾ, ಮಾಮಾ ಬಂದ್ರ ಇದರ ಸಂಗಾಟ ಒಂದ ಸುತ್ತಿಗಿನೂ ಕೊಡ," ಅಂದ್ಲು. ಅವ್ವನೂ ಎಲ್ಲಾರ ಕೂಡ ನಕ್ಕಳು. ಆದ್ರ ಅಕಿ ಕಿವಿ ಕೆಂಪಾಗಿದ್ದು ನಾ ನೋಡಿದ್ನಿ. ಮರುದಿನ ಹಿತ್ತಲದಾಗ ಅರಬಿ ಹಿಂಡತಾ ಮೆಲ್ಲಕ ಕೇಳಿದ್ಲು, "ಹಿಟ್ಟ ಚಲೋ ಐತಿ ಅಂದ್ನಲ್ಲಾ ಅಂವಾ?" ಅಂದ್ನವ್ವ ಅಂದ್ನಿ. ಹೂಂ ಅಂದ್ಲು. ಅಷ್ಟ. ಮಾಮಾ ಬಂದ. ಅವನ ಮುಂದ ಕಾಕಿಯ ಡಬ್ಬಿನ ಬಂತು. ಅವ್ವ ಬಾಗಲದ ಹಿಂದ ಸೆರಗ ಕಚ್ಚಿಕೊಂಡ ನಿಂತಿದ್ಲು, ನಾ ಅಕಿ ಮಗ್ಗಲಿಗೆ ಅಂಟಿಕೊಂಡಿದ್ನಿ. ಆಮ್ಯಾಲೆ ಆ ಬಿಸ್ಕಿಟ ತೀರೂ ತನಕ ದಿನಾ ಹೊತ್ತ ಮುಣಗೂ ಮೊದಲ ನಮ್ಮ ಹಾಲಿನ ಬಟ್ಟಲದಾಗ ಒಂದೊಂದ ಹಾಕಾಕಿ. ನಾವು ಅವಸರ ಮಾಡಿದ್ರ, ತಡಿ, ಮೆತ್ತಗಾಗಲಿ ಅನ್ನಾಕಿ. ತುಪ್ಪದ ವಾಸನಿ ಹಾಲಿನ ಮ್ಯಾಲೆ ತೇಲಿ ಬರತಿತ್ತು.

ಆ ಮನಿ ಈಗಿಲ್ಲ. ಪಾಲಾತು, ಪಡಸಾಲಿ ನಡುವ ಗ್ವಾಡಿ ಎದ್ದವು, ಆಮ್ಯಾಲೆ ಕೆಡವಿ ಸ್ಲಾಬ್ ಹಾಕಿದ್ರು. ಹೋದಾಗ ಮೂಗ ಚಾಚಿ ನಿಂತ್ರೂ ತಂಬಾಕಿನ ಘಾಟ ಬರೂದಿಲ್ಲ. ಕಾಕಿನೂ ಹೋದ್ಲು. ಅವ್ವ ಹೋಗೂ ಮುಂದ ಸುಷ್ಮಾ ಇನ್ನೂ ಸಾಲಿಗೆ ಹೋಗಾಕಿ. ನನಗ ನಾಚಿಕಿ ಯಾಕ ಅಂದ್ರ, ಭಟ್ಟಿಯ ಮುಂದ ನಕ್ಕದ್ದು ಇನ್ನೂ ಕಿವ್ಯಾಗ ಐತಿ, ಅದು ಒಂದು. ಇನ್ನೊಂದು ಹೇಳಾಕ ತ್ರಾಸ ಆಗತೈತಿ. ಅಕಿ ಬೇಡಿದ್ದು ಒಂದ ಡಬ್ಬಿ, ಅದೂ ಅಕಿಗೆ ಸಿಗಲಿಲ್ಲ. ನನಗ ಮಗಳು, ಅಳಿಯ, ತೊಟ್ಟಿಲ ತುಂಬ ಕೂಸು. ಅಕಿ ಎದುರಿಗೆ ಕುಂತ ನೋಡಾಕತ್ತಂಗಾಗಿ, ಇಷ್ಟ ಸುಖಾ ಉಣ್ಣಾಕ ನಾಚಿಕಿ ಬರತೈತಿ.

ಇವತ್ತ ಮುಂಜಾನೆ ಎರಡೂ ಹಿಟ್ಟು ತಟ್ಟಿಯೊಳಗ ಸುರುವಿ ಕುಂತ್ನಿ. ಕೈ ಮೊದಲ ಚಪಾತಿ ಗೋದಿ ಕಡೇನ ಹೋತು. ಚಿಟಿಕಿ ಕಲಸಿ ಎಳದ್ನಿ, ದಾರದಂಗ ಜಗ್ಗತು. ಚಲೋ ಹಿಟ್ಟು. ಭಟ್ಟಿಯ ಮುದುಕನ ಮಾತ ನೆನಪಾಗಿ ಅಲ್ಲೇ ಕೈ ತಡದ್ನಿ. ಖಪಲಿ ಹಿಟ್ಟ ಎಳದ್ರ ಪಟ್ಟನ ಹರೀತು, ಒಂದೀಟೂ ಜಿಗಿ ಇಲ್ಲ. ಇದ ಬೇಕು ಅಂದ್ನಿ. ಎರಡ ಸಲ ಜರಡಿ ಹಿಡದ್ನಿ. ಮೊಸರು, ಸಕ್ರಿ, ತುಪ್ಪ, ಚೂರ ಸೋಡಾ ಹಾಕಿದ್ನಿ, ಆದ್ರ ನಾದಲಿಲ್ಲ. ಚಮಚಾದಲೆ ಬರೇ ತಿರುವಿದ್ನಿ. ಕುಕ್ಕರಿನ ತಳಕ್ಕ ಉಪ್ಪ ಹಾಸಿ, ಕಲಸಿದ ಹಿಟ್ಟಿನ ಡಬ್ಬಿ ಇಟ್ಟ, ಸೀಟಿ ತಗದ ಮುಚ್ಚಿ ಒಲಿ ಮುಂದನ ಕುಂತ್ನಿ. ಬೀಗರು ಬಂದಿದ್ರು, ಹೊರಗ ನಗು ಕೇಳತಿತ್ತು. ಮುಚ್ಚಳ ತಗದಾಗ ಕಂಡದ್ದು ಅದ ಕಂದಬಣ್ಣ. ಹೆದರಿಕೋತ ಚಾಕು ಹಾಕಿದ್ನಿ. ಸಪ್ಪಳ ಇಲ್ಲದ ಒಳಗ ಹೋತು.

ಹೊತ್ತ ಮುಣಗೂ ಮೊದಲ ಉಣ್ಣೂ ಪದ್ಧತಿ ನಮ್ಮದು. ಪಡಸಾಲಿಯೊಳಗ ಎಲ್ಲಾರೂ ಸಾಲ ಹಿಡದ ಕುಂತ್ವಿ, ಯಜಮಾನ್ರು, ಅಳಿಯಂದ್ರು, ಬೀಗರು, ತೊಟ್ಟಿಲಿಗೆ ಒಂದ ಕೈ ಹಚ್ಚಿಕೊಂಡ ಸುಷ್ಮಾ. ಬೀಗತಿ ತಮ್ಮ ಕೇಕಿನ ತುಂಡ ಮುಗಿಸಿದ್ರು. ಕೇಳದನ ಇನ್ನೊಂದ ತುಂಡ ತಗೊಂಡ್ರು. ನನ್ನ ಮುಂದ ಯಾರೋ ಹಾಲಿನ ಬಟ್ಟಲ ಇಟ್ಟಿದ್ರು. ನನಗ ಗೊತ್ತಿಲ್ಲದಂಗ ಕೈ ಕೇಕ್ ಎತ್ತಿ ಹಾಲಾಗ ಅದ್ದಿ, ಮೆತ್ತಗಾಗಲಂತ ಹಿಡಕೊಂಡ ಕುಂತಿತ್ತು. ಕ್ಷಣದಾಗ ಅದು ಬೆರಳ ಸಂದಿಯೊಳಗಿಂದ ಜಾರಿ, ಪುಡಿಯಾಗಿ ಮುಣಗತು.

"ಅದು ಮೆತ್ತಗ ಐತಿ ಬೇ ಅವ್ವಾ, ಯಾಕ ಅದ್ದತಿ?" ಅಂದ್ಲು ಸುಷ್ಮಾ. ಎಲ್ಲಾರೂ ನಕ್ಕರು. ನನ್ನ ಕಿವಿ ಬಿಸಿಯಾದ್ವು, ನಾನೂ ನಕ್ಕನಿ. ಬಟ್ಟಲ ಎತ್ತಿ ಕುಡದ, ತಳದಾಗ ಉಳದದ್ದನ್ನ ಬೆರಳಲೆ ಬಳಕೊಂಡ ತಿಂದ್ನಿ. ತುಪ್ಪದ ವಾಸನಿ ಇತ್ತು.