ಅಗಲದ ಸ್ಕೀ ಮಾರುವವಳು

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಇಸ್ತ್ರಿ ಪೆಟ್ಟಿಗೆ. ಇಸ್ತ್ರಿ ಮಾಡಬೇಕಾಗಿದ್ದದ್ದು ಬಟ್ಟೆಯನ್ನಲ್ಲ, ನನಗಿಂತ ಎತ್ತರದ ಎರಡು ಹಲಗೆಗಳನ್ನು. ಹೊರಗೆ ಸನ್ನಿವೇಲ್ ಊರಿನ ಅಕ್ಟೋಬರ್ ಬಿಸಿಲು. ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಾ ಹೋಗುತ್ತಿದ್ದರು. ಒಳಗೆ ನಾನು ಮೇಣದ ತುಂಡನ್ನು ಬಿಸಿ ಇಸ್ತ್ರಿಗೆ ಒತ್ತಿ, ಕರಗಿ ಬಿದ್ದ ಹನಿಗಳನ್ನು ಹಲಗೆಯ ಅಡಿಭಾಗಕ್ಕೆ ತೀಡುತ್ತಿದ್ದೆ.

"ಒಂದೇ ಕಡೆ ನಿಲ್ಲಿಸಬೇಡ, ಸುಟ್ಟುಹೋಗುತ್ತದೆ" ಎಂದರು ಅಂಗಡಿಯ ಒಡತಿ ಹೆಲೆನ್.

ಹಿಮವನ್ನು ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ಕಂಡಿರದ ನಾನು, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಸ್ಕೀಗಳ ಅಂಗಡಿಯಲ್ಲಿ ಕೆಲಸಗಾರ್ತಿಯಾದದ್ದು ಹೀಗೆ.

ಗದಗಿನ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಕಲಿಸಿದ್ದೆ. ಗಂಡ ವೀರೇಶನಿಗೆ ಈ ದೇಶದಲ್ಲಿ ವೈದ್ಯಕೀಯ ಉಪಕರಣಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಗಳು ಸಂಪದಾಳನ್ನು ಕರೆದುಕೊಂಡು ನಾನೂ ಬಂದೆ. ಮೊದಲ ಮೂರು ವರ್ಷ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಅದು ಬಂದಾಗ ಶಾಲೆಗಳವರು ಇಲ್ಲಿನ ಸರ್ಟಿಫಿಕೇಟು ಕೇಳಿದರು. ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದುಹೋಗುವಷ್ಟು ದೂರದಲ್ಲಿದ್ದ ಸ್ಕೀ ಅಂಗಡಿಯವರು ಮಾತ್ರ ಏನೂ ಕೇಳಲಿಲ್ಲ. ಗದಗಿನಲ್ಲಿ ನಾನು ಸಂತೆಗೆ ಹೋದರೂ "ನಮಸ್ಕಾರ್ರೀ ಮೇಡಂ" ಅನ್ನುವವರು ನಾಲ್ಕು ಜನ ಸಿಗುತ್ತಿದ್ದರು. ಇಲ್ಲಿ ಗಿರಾಕಿಗಳು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, "ಸ್ಕೀ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದಾರಾ?" ಎಂದು ಕೇಳುತ್ತಿದ್ದರು. ಹೆಲೆನ್ ಅರವತ್ತು ದಾಟಿದವರು. ಅವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ, ಮೊದಲ ಒಂದು ತಿಂಗಳು ಎದುರಿಗೆ ಹೋಗಿ ನಿಂತೇ ಮಾತು ಶುರು ಮಾಡುತ್ತಿದ್ದೆ.

ಆದರೆ ಓದಿ ಒಪ್ಪಿಸುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಕಂಪನಿಗಳು ಕಳಿಸುವ ಪುಸ್ತಿಕೆಗಳನ್ನೆಲ್ಲ ಓದಿದೆ. ಯಂತ್ರ ಓಡಿಸಿ ಗಟ್ಟಿ ಮಾಡಿದ ಇಳಿಜಾರಿಗೆ ಕಿರಿದಾದ ಸ್ಕೀ. ಆಗಷ್ಟೇ ಬಿದ್ದ, ಯಾರೂ ತುಳಿಯದ ಆಳದ ಹಿಮಕ್ಕೆ ಅಗಲದ ಸ್ಕೀ. ಆ ಹೊಸ ಹಿಮಕ್ಕೆ ಇವರು 'ಪೌಡರು' ಅನ್ನುತ್ತಾರೆ, ಮುಖಕ್ಕೆ ಹಚ್ಚುವ ಪೌಡರೇ. ಅಗಲದ ಸ್ಕೀ ಅಲ್ಲಿ ಯಾಕೆ ಮುಳುಗುವುದಿಲ್ಲ ಎನ್ನುವುದು ನನ್ನ ಹನ್ನೊಂದು ವರ್ಷದ ಪಾಠ. ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ವಿಸ್ತೀರ್ಣ ಹೆಚ್ಚಿದಷ್ಟೂ ಒತ್ತಡ ಕಡಿಮೆ. ಇದನ್ನು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದಾಗ ಗಿರಾಕಿಗಳು ತಲೆದೂಗುತ್ತಿದ್ದರು. ಎರಡನೆಯ ಚಳಿಗಾಲ ಬರುವ ಹೊತ್ತಿಗೆ ಹೆಲೆನ್ ನನ್ನನ್ನು ಮಾರಾಟದ ಕೌಂಟರಿಗೆ ಕಳಿಸಿದರು.

ಡಾಕ್ಟರ್ ನಾಗೇಂದ್ರ ಬಂದದ್ದು ಆ ಡಿಸೆಂಬರಿನಲ್ಲಿ. ನಾನು ಫೋನಿನಲ್ಲಿ ವೀರೇಶನಿಗೆ, "ಹೂಂರೀ, ಸಂಪದಾನ ಡಬ್ಬಿ ಅಲ್ಲೇ ಕಟ್ಟಿ ಮ್ಯಾಲೆ ಐತಿ ನೋಡ್ರಿ" ಅನ್ನುತ್ತಿದ್ದೆ. ಬೂಟು ನೋಡುತ್ತಿದ್ದವರೊಬ್ಬರು ತಟ್ಟನೆ ತಿರುಗಿದರು.

"ಮೇಡಂ, ಕನ್ನಡದವ್ರಾ? ಅಯ್ಯೋ, ಸ್ಕೀ ಅಂಗಡೀಲಿ ಕನ್ನಡ ಕೇಳ್ತೀನಿ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ!"

ಮೈಸೂರಿನವರು, ಹತ್ತಿರದ ಲಿವರ್‌ಮೋರಿನಲ್ಲಿ ಹಲ್ಲಿನ ಡಾಕ್ಟರು. ಐವತ್ತರ ಆಸುಪಾಸು. ನಾಲ್ಕು ವರ್ಷದಿಂದ ಬಾಡಿಗೆ ಸ್ಕೀಯಲ್ಲಿ ಜಾರುತ್ತಿದ್ದಾರೆ, ಈಗ ಸ್ವಂತದ್ದು ಬೇಕು. ಕಡಿದಾದ ಜಾಗಕ್ಕೆ, ಆಳದ ಹಿಮಕ್ಕೆ ಹೋಗುವ ಆಸೆ. ನಾನು ಲೆಕ್ಕ ಬರೆದು ತೋರಿಸಿದೆ. "ಅಗಲ ಇದ್ದಷ್ಟೂ ಮುಳುಗೋದು ಕಮ್ಮಿರಿ ಸರ್" ಎಂದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗಲದ ಜೊತೆಯನ್ನು ಕೈಗಿಟ್ಟೆ. ಪಾದದ ಕೆಳಗೆ ಹನ್ನೆರಡು ಸೆಂಟಿಮೀಟರ್ ಅಗಲ. ಪಕ್ಕದ ಅಂಗಡಿಯಲ್ಲೂ ವಿಚಾರಿಸುತ್ತೀರಾ ಎಂದಾಗ ಅವರು ನಕ್ಕರು.

"ನಮ್ಮೋರು ನೀವು ಹೇಳ್ತಿದೀರಲ್ಲ, ಇನ್ಯಾಕೆ?"

ಜನವರಿಯ ಕೊನೆಯಲ್ಲಿ ಅವರು ಕುಂಟುತ್ತಾ ಬಂದರು. ಎಡಮೊಣಕಾಲಿಗೆ ಪಟ್ಟಿ. ಸ್ಕೀಗಳನ್ನು ಗೋಡೆಗೆ ಒರಗಿಸಿ ಕುರ್ಚಿಯ ಮೇಲೆ ನಿಧಾನವಾಗಿ ಕೂತರು.

"ಬೈಯ್ಯಕ್ಕೆ ಬಂದಿಲ್ಲ ಮೇಡಂ. ನಾನು ಹೋಗೋದು ಶನಿವಾರ, ಭಾನುವಾರ. ಅಷ್ಟೊತ್ತಿಗೆ ಹಿಮ ಎಲ್ಲಾ ತುಳಿದು ಕಲ್ಲಾಗಿರತ್ತೆ. ಅದರ ಮೇಲೆ ಇದನ್ನ ತಿರುಗಿಸಕ್ಕೇ ಆಗಲ್ಲ. ಮಂಡಿ ತಿರುಚ್ಕೊಂಡ್ಬಿಡ್ತು." ಪಟ್ಟಿಯನ್ನು ಸರಿಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿ. ನೀವು ಒಂದ್ಸಲ ಆದ್ರೂ ಇದರ ಮೇಲೆ ನಿಂತಿದ್ದೀರಾ?"

"ಇಲ್ಲ ಸರ್."

"ಹೂಂ" ಎಂದರು. ಸಿಟ್ಟಾಗಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು. ಹೆಲೆನ್ ಸ್ಕೀಗಳನ್ನು ಮರಳಿ ಪಡೆದರು. ಡಾಕ್ಟರು ಕುಂಟುತ್ತಾ ಕಾರಿನವರೆಗೆ ಹೋದದ್ದನ್ನು ಗಾಜಿನ ಈಚೆ ನಿಂತು ನೋಡಿದೆ.

ಸಂಜೆ ಅಂಗಡಿಯ ಬಿಳಿ ಹಲಗೆ ಒರೆಸುವಾಗ ನನ್ನ ತಪ್ಪು ನನಗೇ ಕಂಡಿತು. ಗಟ್ಟಿ ಹಿಮದ ಮೇಲೆ ಸ್ಕೀ ನಿಲ್ಲುವುದು ಅದರ ಅಂಚಿನ ಮೇಲೆ. ಸ್ಕೀ ಅಗಲವಾದಷ್ಟೂ ಆ ಅಂಚು ಪಾದದ ನಡುವಿನಿಂದ ದೂರ. ಬಾಗಿಲಿನ ಹಿಡಿಕೆಯನ್ನು ತಿರುಗಣಿಯಿಂದ ದೂರ ಇಡುವುದೇಕೆ ಎಂದು ಎಷ್ಟು ಬ್ಯಾಚುಗಳಿಗೆ ಕಲಿಸಿದ್ದೆ! ದೂರ ಹೆಚ್ಚಿದಷ್ಟೂ ತಿರುಚುವ ಬಲ ಹೆಚ್ಚು; ಇಲ್ಲಿ ತಿರುಗಣಿ ಎಂದರೆ ಮೊಣಕಾಲು. ಒಂದು ಅಧ್ಯಾಯ ಹೇಳಿ, ಮುಂದಿನ ಅಧ್ಯಾಯ ಬಿಟ್ಟಿದ್ದೆ. ಅದೂ ಕನ್ನಡದಲ್ಲಿ ಹೇಳಿದೆನೆಂದು ನಂಬಿದವರಿಗೆ.

ಕೆಲಸ ಬಿಡುತ್ತೇನೆ ಎಂದೆ. ಹೆಲೆನ್ ಗಲ್ಲಾಪೆಟ್ಟಿಗೆ ಮುಚ್ಚುತ್ತಾ, "ಗಿರಾಕಿ ಯಾವ ದಿನ ಬೆಟ್ಟಕ್ಕೆ ಹೋಗುತ್ತಾರೆಂದು ಕೇಳಲು ನಾನೂ ನಿನಗೆ ಹೇಳಿಕೊಟ್ಟಿರಲಿಲ್ಲ. ಬಿಡುವುದಾದರೆ ಬಿಡು. ಇಲ್ಲದಿದ್ದರೆ ಮುಂದಿನ ಸೋಮವಾರ ಬೆಟ್ಟಕ್ಕೆ ಬಾ" ಎಂದರು.

ವೀರೇಶ ನಂಬಲಿಲ್ಲ. "ನಲವತ್ತೆರಡಕ್ಕ ಕಾಲ ಮುರಕೊಂಡ್ರ ಯಾರ್ ನೋಡಾವ್ರು? ಖರೇನ ಹೊಂಟೀಯೇನ?"

"ಹೊಂಟೇನ್ರಿ."

ಸನ್ನಿವೇಲಿನಿಂದ ಟಾಹೋ ಸರೋವರದ ಸುತ್ತಲಿನ ಬೆಟ್ಟಗಳಿಗೆ ನಾಲ್ಕು ತಾಸಿನ ಕಾರು ದಾರಿ. ಹೊರಟಾಗ ಬಾದಾಮಿ ತೋಟ, ಹಸಿರು ಹುಲ್ಲು. ಮೂರನೆಯ ತಾಸಿಗೆ ರಸ್ತೆಯ ಎರಡೂ ಬದಿ ಆಳೆತ್ತರದ ಬಿಳಿ ಗೋಡೆ. ಮಕ್ಕಳು ಕಲಿಯುವ ಇಳಿಜಾರಿನಲ್ಲಿ ಮೊದಲ ದಿನವಿಡೀ ಬಿದ್ದೆ. ನನ್ನ ಸೊಂಟದಷ್ಟೂ ಎತ್ತರವಿಲ್ಲದ ಮಕ್ಕಳು ಪಕ್ಕದಲ್ಲಿ ಸುರ್ರನೆ ಹೋಗುತ್ತಿದ್ದವು. ಸಂಪದಾಳನ್ನೂ ಕರೆದೊಯ್ಯತೊಡಗಿದ ಮೇಲೆ ಅವಳು ಮೂರೇ ಸಲಕ್ಕೆ ನನ್ನನ್ನು ಹಿಂದೆ ಹಾಕಿದಳು. "ಹೆದರಬ್ಯಾಡ, ಸಾವಕಾಶ ಬಾ" ಎಂದು ನಾನು ಕೂಗಬೇಕಾದ ಮಾತನ್ನು ಅವಳೇ ಇಂಗ್ಲಿಷಿನಲ್ಲಿ ನನಗೆ ಕೂಗುತ್ತಿದ್ದಳು.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಬೇರೆಯವರ ಸ್ಯಾಂಡ್‌ವಿಚ್ಚು ಚೀಲದಲ್ಲಿ ಒದ್ದೆಯಾಗಿ ಮುದ್ದೆಯಾದರೆ ನಮ್ಮ ರೊಟ್ಟಿಗೆ ಏನೂ ಆಗುತ್ತಿರಲಿಲ್ಲ. ಈ ಬೆಟ್ಟದಲ್ಲಿ ನನ್ನ ಮೊದಲ ಗೆಲುವು ಅದೇ. ಎರಡನೆಯ ವಾರದಿಂದ ಹೆಲೆನ್ ತಮ್ಮ ಊಟ ತರುವುದನ್ನು ನಿಲ್ಲಿಸಿದರು.

ಒಂದು ಚಳಿಗಾಲ ಕಳೆದು, ಮುಂದಿನ ಫೆಬ್ರವರಿಯಲ್ಲಿ ಮೂರು ದಿನ ಬಿಡದೆ ಹಿಮ ಸುರಿಯಿತು. ಅಷ್ಟರಲ್ಲಿ ನಾನು ಕಡಿದಾದ ಗಟ್ಟಿ ಇಳಿಜಾರುಗಳನ್ನು ಇಳಿಯುತ್ತಿದ್ದೆ. ಆಳದ ಹಿಮ ಮಾತ್ರ ಹೊಸದು. ಹೆಲೆನ್ ಅಂಗಡಿಗೆ ಯಾವ ಅಗಲದ ಸ್ಕೀ ತರಿಸಬೇಕೆಂದು ತೀರ್ಮಾನಿಸಬೇಕಿತ್ತು. ಮೂರು ಜೊತೆಗಳನ್ನು ಕಾರಿನ ಮೇಲೆ ಕಟ್ಟಿ, "ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ" ಎಂದರು.

ಕಾಲಿಟ್ಟ ಕೂಡಲೇ ಮೊಣಕಾಲವರೆಗೆ ಹಿಮ. ಪೌಡರೆಂದರೆ ಹಗುರ ಎಂದುಕೊಂಡಿದ್ದೆ. ಈ ಬೆಟ್ಟಗಳದ್ದು ಸಮುದ್ರದ ಗಾಳಿ ತರುವ ತೇವದ ಹಿಮ, ಭಾರ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದವರಿಗೆ ಬೇರೆ ವಿವರಣೆ ಬೇಡ. ಹೆಜ್ಜೆಗೊಂದು ಸೇರು ಮಣ್ಣು ಚಪ್ಪಲಿಗೆ ಹತ್ತಿ, ಕಾಲು ಎತ್ತಲಾಗದೆ ನಿಲ್ಲುತ್ತೇವಲ್ಲ, ಹಾಗೆ. ನಮ್ಮಲ್ಲಿ ಕಪ್ಪಿಗೆ ಎರೆ, ಕೆಂಪಿಗೆ ಮಸಾರಿ ಎಂದು ಮಣ್ಣಿಗೆ ಹೆಸರಿರುವಂತೆ ಇವರಲ್ಲಿ ಹಿಮಕ್ಕೆ ಹತ್ತಾರು ಹೆಸರಿರುವುದು ಯಾಕೆಂದು ಅಂದು ತಿಳಿಯಿತು.

ಮೊದಲು ಹಾಕಿದ್ದು ಡಾಕ್ಟರಿಗೆ ಮಾರಿದಂಥದ್ದೇ ಹನ್ನೆರಡು ಸೆಂಟಿಮೀಟರಿನದು. ಮೆತ್ತಗೆ ಬಾಗುತ್ತದೆ; ಹಿಂದೆ ಮುಂದೆ ಎರಡೂ ತುದಿ ಮೇಲಕ್ಕೆ ಬಾಗಿವೆ. ಮೆಲ್ಲನೆಯ ಇಳಿಜಾರಿನಲ್ಲಿ ಅದು ತುಂಗಭದ್ರೆಯ ಹರಿಗೋಲಿನಂತೆ ತೇಲಿತು. ನಾನು ಗಟ್ಟಿಯಾಗಿ ನಕ್ಕೆ, ಯಾಕೆಂದು ಗೊತ್ತಿಲ್ಲ. ಆದರೆ ಶಿಖರದ ಕೆಳಗಿನ ಕಡಿದಾದ ಜಾಗದಲ್ಲಿ ಗಾಳಿ ಹೊಸ ಹಿಮವನ್ನು ಗುಡಿಸಿ ಹಾಕಿದ್ದರಿಂದ ಗಟ್ಟಿ ತಳ ಕಾಣುತ್ತಿತ್ತು. ಅಲ್ಲಿ ಬರುತ್ತಿದ್ದಂತೆ ಸ್ಕೀ ಅಡ್ಡಡ್ಡ ಜಾರಿತು. ಅಂಚು ಒತ್ತಿದೆ. ಎಡಮೊಣಕಾಲಿನ ಒಳಬದಿಯಲ್ಲಿ ಚಳಕ್ಕೆಂದಿತು. ಇದೇ ಜಾಗ, ಇದೇ ನೋವು. ಡಾಕ್ಟರರ ಮುಖ ಕಣ್ಣ ಮುಂದೆ ಬಂತು. ಕೂತುಬಿಟ್ಟೆ, ಜಾರುತ್ತಾ ಕೆಳಗಿಳಿದೆ.

ಎರಡನೆಯದು ಒಂದು ಸೆಂಟಿಮೀಟರ್ ಕಿರಿದು, ಒಳಗೆ ಲೋಹದ ತಗಡು. ಅದೇ ಕಡಿದಾದ ಜಾಗದಲ್ಲಿ ಇದು ಅಲುಗಲಿಲ್ಲ. ಹಿಡಿದ ಗೆರೆ ಬಿಡಲಿಲ್ಲ. ಇದೇ ಸರಿ ಎಂದುಕೊಂಡು ಪೈನ್ ಮರಗಳ ನಡುವೆ ಇಳಿದೆ. ಹೊರಡುವ ಮೊದಲೇ ಹೆಲೆನ್ ಎಚ್ಚರಿಸಿದ್ದರು: "ಮರದ ಬುಡಕ್ಕೆ ಹತ್ತಿರ ಹೋಗಬೇಡ. ಕೊಂಬೆಗಳ ಕೆಳಗೆ ಹಿಮ ಟೊಳ್ಳಾಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಏಳಲಾಗುವುದಿಲ್ಲ." ಮರಗಳ ನಡುವೆ ವೇಗ ಇಳಿಸಿದೆ. ವೇಗ ಇಳಿದದ್ದೇ ಆ ಬಿರುಸು ಸ್ಕೀ ನನ್ನ ಮಾತು ಕೇಳಲಿಲ್ಲ. ಅದರ ಮೂತಿ ಹಿಮದಲ್ಲಿ ಹೂತುಹೋಯಿತು. ಮುಂದಕ್ಕೆ ಮುಗ್ಗರಿಸಿದೆ. ಬಾಯಿ, ಮೂಗು, ಕಿವಿಯ ತುಂಬ ಹಿಮ. ಕಣ್ಣು ಬಿಟ್ಟಾಗ ಒಂದು ಮರದ ಬುಡ ಎರಡು ಮಾರು ದೂರದಲ್ಲಿತ್ತು.

ಹೆಲೆನ್ ಮೇಲಿನಿಂದ ಕೂಗಿದರು. ನಾನು ಓಗೊಟ್ಟದ್ದು ಕನ್ನಡದಲ್ಲಿ: "ಅದೀನ್ರಿ, ಇಲ್ಲೇ ಅದೀನಿ!"

ಒಂದು ಸ್ಕೀ ಕಳಚಿ ಮಾಯವಾಗಿತ್ತು. ಬಿದ್ದ ಗುಂಡಿಯ ಕೆಳಗೆಲ್ಲ ಕೆದಕಿದೆ. ಕೈಗವಸು ಒದ್ದೆಯಾಗಿ ಬೆರಳು ಮರಗಟ್ಟಿತು. ಒಂದೇ ಕಾಲಿನಲ್ಲಿ ಕೆಳಗೆ ಹೋಗುವುದು ಹೇಗೆ? ಸಂಪದಾಳನ್ನು ಶಾಲೆಯಿಂದ ಕರೆತರಲು ವೀರೇಶನಿಗೆ ಹೇಳಿದ್ದೆನೇ? ಅದೇ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯಲ್ಲಿ ಸುತ್ತಿತು. ಅಳು ಬಂತು, ಅತ್ತೆ. ಹೆಲೆನ್ ಬಂದು ಬೆನ್ನ ಮೇಲೆ ಕೈಯಿಟ್ಟು, "ನೀನು ಕೆಳಗೆ ಹುಡುಕುತ್ತಿದ್ದೀಯ. ಎಲ್ಲರೂ ಹಾಗೇ ಮಾಡುತ್ತಾರೆ. ಸ್ಕೀ ಕಳಚಿದ್ದು ನೀನು ಬೀಳುವ ಮೊದಲು, ಮೇಲೆ ನೋಡು" ಎಂದರು. ಜಾರುವಾಗ ಕೈಯಲ್ಲಿ ಹಿಡಿಯುವ ಕೋಲಿನಿಂದ ಚುಚ್ಚುತ್ತಾ ನಾಲ್ಕು ಗಜ ಮೇಲೆ ಹತ್ತಿದೆವು. ಕೋಲು ಟಕ್ಕೆಂದಿತು. ಅಷ್ಟಕ್ಕೆ ಮುಕ್ಕಾಲು ತಾಸು ಕಳೆದಿತ್ತು.

ಮೂರನೆಯ ಜೊತೆಯನ್ನು ನಾನಾಗಿ ಹಾಕುತ್ತಿರಲಿಲ್ಲ. ಚಹಾ ಕುಡಿದ ಮೇಲೆ ಹೆಲೆನ್ ಅದನ್ನು ಮುಂದಿಟ್ಟರು. ಅಗಲ ಮೊದಲಿನ ಎರಡರ ನಡುವಿನದು, ತೂಕ ಕಡಿಮೆ, ತುದಿಗಳು ಕಿರಿದು. ಮರಗಳ ನಡುವೆ ನೋಡಿದ ಕಡೆ ತಿರುಗಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಜನ ತುಳಿದು ಹಿಮವೆಲ್ಲ ಹೆಂಟೆಹೆಂಟೆಯಾಗಿತ್ತು. ಅದರ ಮೇಲೆ ಹಾಳು ರಸ್ತೆಯ ಆಟೋದಂತೆ ಎತ್ತಿ ಹಾಕಿತು. ಮತ್ತೆರಡು ಸಲ ಬಿದ್ದೆ.

"ಯಾವುದು ಒಳ್ಳೆಯದು?" ಎಂದು ಹೆಲೆನ್ ನೋಟುಬುಕ್ಕು ತೆಗೆದರು.

"ಯಾರಿಗೆ?" ಎಂದೆ. ಅವರು ಅದನ್ನೇ ಬರೆದುಕೊಂಡರು.

ಮರುವಾರ ಡಾಕ್ಟರ್ ನಾಗೇಂದ್ರರಿಗೆ ನಾನೇ ಫೋನು ಮಾಡಿದೆ. ಬರುವುದಿಲ್ಲ ಎಂದುಕೊಂಡಿದ್ದೆ; ಬಂದರು. ಪಟ್ಟಿ ಇರಲಿಲ್ಲ. ಈ ಸಲ ಬಿಳಿ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಶನಿವಾರ, ಭಾನುವಾರಕ್ಕೆ ಒಂಬತ್ತು ಸೆಂಟಿಮೀಟರಿನದು ಸಾಕು, ಅದನ್ನು ಕೊಳ್ಳಿರಿ. ಹಿಮ ಸುರಿದ ಮರುದಿನವೇ ರಜೆ ಸಿಕ್ಕರೆ ಅಗಲದ್ದು ಬೆಟ್ಟದಲ್ಲೇ ಬಾಡಿಗೆಗೆ ಸಿಗುತ್ತದೆ, ಕಡಿದಾದ ಕಡೆ ಹೋಗುವುದಿದ್ದರೆ ತಗಡಿರುವಂಥದ್ದನ್ನೇ ಕೇಳಿರಿ, ಮರಗಳ ಕಡೆ ಬೇಡ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಬಿದ್ರಾ ಮೇಡಂ?" ಎಂದರು.

"ಬಿದ್ದೇನ್ರಿ ಸರ್. ಮೂರು ಸಲ. ಒಮ್ಮೆ ಅತ್ತೇನಿ ಕೂಡ."

"ಸರಿ ಹಾಗಾದ್ರೆ, ಒಂಬತ್ತರದ್ದೇ ಕೊಡಿ" ಎಂದರು. ಮಂಡಿ ಮೊದಲಿನಂತೆ ಆಗಿಲ್ಲವೆಂದು ಹೋಗುವಾಗ ಹೇಳಿದರು. ಮೆಟ್ಟಿಲು ಇಳಿಯುವಾಗ ಈಗಲೂ ನೋಯುತ್ತದಂತೆ. ಸ್ಕೀಗಳನ್ನು ಅವರ ಕಾರಿನವರೆಗೆ ನಾನೇ ಹೊತ್ತೆ.

ಈ ವರ್ಷ ನಾನೂ ಸಂಪದಾಳೂ ಹೆಚ್ಚಿನ ಭಾನುವಾರ ಬೆಟ್ಟಕ್ಕೆ ಹೋಗುತ್ತೇವೆ. ಮೇಲೆ ಒಯ್ಯಲು ತಂತಿಯಲ್ಲಿ ತೂಗುವ ಕುರ್ಚಿಗಳಿವೆ. ಒಂದೊಂದರಲ್ಲಿ ಮೂವರು ಕೂರಬಹುದು. ಮೊನ್ನೆ ನಮ್ಮ ಪಕ್ಕದಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಕೂತರು. ಸ್ಕೀ ಮಾಡುವವರು ಪರಿಚಯಕ್ಕೆ ಕೇಳುವ ಒಂದು ಪ್ರಶ್ನೆ ಇದೆ, ಅದನ್ನೇ ಕೇಳಿದರು: "ನಿಮ್ಮ ಮನೆ ಬೆಟ್ಟ ಯಾವುದು?" ಯಾವ ಬೆಟ್ಟಕ್ಕೆ ಹೆಚ್ಚಾಗಿ ಹೋಗುತ್ತೀರಿ ಎಂದು ಅದರ ಅರ್ಥ.

ಸಂಪದಾ ಒಂದು ಕ್ಷಣವೂ ತಡೆಯದೆ ಕೆಳಗಿನ ಇಳಿಜಾರನ್ನು ಕೋಲಿನಿಂದ ತೋರಿಸಿ, "ದಿಸ್ ಒನ್" ಎಂದಳು.

ನನ್ನ ಬಾಯಿಂದ ಬಂದದ್ದು, "ಕಪ್ಪತಗುಡ್ಡ."

ಮುದುಕರು ಹುಬ್ಬೇರಿಸಿದರು. ಆ ಹೆಸರು ಕೇಳಿಲ್ಲ, ಹಿಮ ಚೆನ್ನಾಗಿ ಬೀಳುತ್ತದೆಯೇ ಎಂದರು.

"ಹಿಮ ಇಲ್ಲ. ಗಾಳಿ" ಎಂದೆ.

ಗದಗಿನ ಹತ್ತಿರದ ಆ ಕಪ್ಪತಗುಡ್ಡವನ್ನು ನಾನು ಹತ್ತಿದ್ದು ಜೀವಮಾನದಲ್ಲಿ ಎರಡೇ ಸಲ. ಒಮ್ಮೆ ಕಾಲೇಜಿನ ಹುಡುಗಿಯರನ್ನು ಕರೆದುಕೊಂಡು, ಇನ್ನೊಮ್ಮೆ ಮದುವೆಯಾದ ಹೊಸತರಲ್ಲಿ. ಈ ಬೆಟ್ಟದಲ್ಲಾದರೆ ಯಾವ ತಿರುವಿನಲ್ಲಿ ಬೆಳಿಗ್ಗೆ ಗಟ್ಟಿ, ಎಲ್ಲಿ ಮಧ್ಯಾಹ್ನ ನೆರಳು, ಯಾವ ಮರದ ಹತ್ತಿರ ಸುಳಿಯಬಾರದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಸಂಪದಾ ನನ್ನ ಕಡೆ ಬಾಗಿ ಪಿಸುಗುಟ್ಟಿದಳು, "ಅಮ್ಮಾ, ಹೀ ಮೀನ್ಸ್ ವೇರ್ ಯು ಸ್ಕೀ."

"ಗೊತ್ತೈತಿ" ಎಂದೆ.

ಕುರ್ಚಿ ಮೇಲಿನ ತಂಗುದಾಣ ಮುಟ್ಟಿತು. ಮೂವರೂ ಸ್ಕೀ ಮೂತಿಗಳನ್ನು ಮೇಲೆತ್ತಿ ಇಳಿದೆವು. ಮುದುಕರು ಕೈಬೀಸಿ ಎಡಕ್ಕೆ ಹೋದರು. ಸಂಪದಾ ಆಗಲೇ ಬಲಕ್ಕೆ ತಿರುಗಿದ್ದಳು.