ಮರ್ರೆ ನದಿಯಲ್ಲಿ ಒಂದು ಸಂಕಷ್ಟಿ

ಬೆಳಿಗ್ಗೆ ಏಳಕ್ಕೆ ಗ್ಲೆನ್ ವೇವರ್ಲಿ ಸ್ಟೇಷನ್ನಿನ ಕಾರ್ ಪಾರ್ಕಿನಿಂದ ಹೊರಡಬೇಕಿದ್ದ ನಮ್ಮ ಬಸ್ಸು ಎಂಟಕ್ಕೆ ಹೊರಟಿತು. ಕನ್ನಡದವರ ಗುಂಪು ಅಂದಮೇಲೆ ಅಷ್ಟೂ ತಡವಾಗದಿದ್ದರೆ ಹೇಗೆ! ತೊಂಬತ್ತರ ದಶಕದ ನಡುವಿನ ಮಾತು. ಜೂನ್ ತಿಂಗಳ ಭಾನುವಾರ, ನಾವಿದ್ದ ವಿಕ್ಟೋರಿಯಾ ರಾಜ್ಯದಲ್ಲಿ ಅದು ನಡು ಚಳಿಗಾಲ, ಕೈಬೆರಳು ಮರಗಟ್ಟುವ ಚಳಿ. ಎಚೂಕಾ ಎಂಬ ಊರಿಗೆ ಹೋಗಿ, ಮರ್ರೆ ನದಿಯಲ್ಲಿ ಹಳೇ ಕಾಲದ ಉಗಿದೋಣಿ ಹತ್ತಿ, ರಾತ್ರಿಗೆ ಮನೆ ಸೇರುವ ಟೂರು. ಬಸ್ಸು, ದೋಣಿ ಸೇರಿ ತಲೆಗೆ ನಲವತ್ತು ಡಾಲರ್. ಬುಕ್ ಮಾಡಿದ್ದು ನಮ್ಮ ಮನೆಯವರು, ಅಂದರೆ ಇಂಜಿನಿಯರ್ ಮೂರ್ತಿ.

ಇವರು ಎಲ್ಲ ನೋಡಿದ್ದರು, ಪಂಚಾಂಗ ಒಂದನ್ನು ಬಿಟ್ಟು. ಅವತ್ತು ಸಂಕಷ್ಟಿ. ನನ್ನ ಗೆಳತಿ ಗಿರಿಜಾ ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೊತ್ತಿದ್ದಳು, ಅದರಲ್ಲಿ ಇದೇ ಕೊನೆಯದು. ಚಂದ್ರನನ್ನು ನೋಡುವ ತನಕ ಅವಳು ಊಟ ಮಾಡುವ ಹಾಗಿಲ್ಲ. "ನೀವೆಲ್ಲ ಹೋಗಿಬನ್ನಿ ಸುಧಾ, ನಾನು ಮನೇಲಿರ್ತೀನಿ" ಅಂದಳು. ನಾನು ಬಿಡಲಿಲ್ಲ. ಅವಳು ಬರದಿದ್ದರೆ ಪ್ರಕಾಶ್ ಡಾಕ್ಟರೂ ಬರುತ್ತಿರಲಿಲ್ಲ, ಅವರನ್ನು ಮನೆಯಿಂದ ಎಬ್ಬಿಸುವುದೇ ನಮಗೆ ಬೇಕಾಗಿದ್ದದ್ದು.

ಪ್ರಕಾಶ್ ಗಿರಿಜಳ ಗಂಡ. ಮೈಸೂರಿನಲ್ಲಿ ಹೆಸರು ಮಾಡಿದ್ದ ಡಾಕ್ಟರು. ಇಲ್ಲಿ ಮತ್ತೆ ಪರೀಕ್ಷೆ ಪಾಸಾಗದೆ ಸ್ಟೆತಸ್ಕೋಪ್ ಮುಟ್ಟುವಂತಿಲ್ಲ. ಎರಡು ಸಲ ಕೂತು ಎರಡು ಸಲವೂ ಹೋಯಿತು. ಹೊಟ್ಟೆಪಾಡಿಗೆ ಒಂದು ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ಜೋಡಿಸುವ ಕೆಲಸ ಹಿಡಿದಿದ್ದರು. ಮೊದಲು ಅವರಿದ್ದ ಕಡೆ ನಗುವಿಗೆ ಬರ ಇರಲಿಲ್ಲ, ಅವರ ನಗು ಪಕ್ಕದ ಮನೆಗೂ ಕೇಳುತ್ತಿತ್ತು. ಈಗ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮೂರನೇ ಸಲದ ಫಲಿತಾಂಶ ಇನ್ನೂ ಬರಬೇಕಿತ್ತು. ಹರಕೆ ಅದಕ್ಕೇ ಅಂತ ನಾವೆಲ್ಲ ತಿಳಿದಿದ್ದೆವು.

ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಿಲ್ಮೋರ್ ದಾಟುವ ತನಕ ಮಂಜು, ಆಮೇಲೆ ಕುರಿಗಳು, ಮತ್ತೂ ಕುರಿಗಳು. ನಾವು ಇಡ್ಲಿ ಬಿಚ್ಚಿದೆವು, ಗಿರಿಜಾ ಒಂದು ಬಾಳೆಹಣ್ಣು ತಿಂದಳು. ಆಗ ಯಾರೋ ಕೇಳಿದರು, "ಇವತ್ತು ಚಂದ್ರೋದಯ ಎಷ್ಟು ಹೊತ್ತಿಗೆ?" ಆಗಿನ್ನೂ ಮನೆಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ನಮಗೆ ಆಧಾರ ಬೆಂಗಳೂರಿನಿಂದ ಬಂದ ಗೋಡೆ ಕ್ಯಾಲೆಂಡರು. ಅದರಲ್ಲಿ ರಾತ್ರಿ ಒಂಬತ್ತೂವರೆ ಅಂತಿತ್ತು.

"ಅದು ಇಂಡಿಯಾ ಟೈಮು" ಅಂದರು ಮೂರ್ತಿ. "ನಮ್ಮ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ ಇದೆ. ಕೂಡಿಸಿ. ರಾತ್ರಿ ಎರಡು ಗಂಟೆ."

ಬಸ್ಸಿನಲ್ಲಿದ್ದ ಉಳಿದ ಇಂಜಿನಿಯರುಗಳೂ ಗಂಭೀರವಾಗಿ ತಲೆಯಾಡಿಸಿದರು. ಗಿರಿಜಾ ಮೆಲ್ಲಗೆ, "ಹೋದ ತಿಂಗಳು ಹಿತ್ತಲಲ್ಲಿ ಊಟದ ಹೊತ್ತಿಗೇ ಕಂಡಿದ್ದನಲ್ಲ" ಅಂದಳು. "ಅದು ಹೋದ ತಿಂಗಳು, ಇದು ಲೆಕ್ಕ" ಅಂದರು ನಮ್ಮವರು. ನನಗೂ ಲೆಕ್ಕ ಸರಿ ಅನ್ನಿಸಿ, ಪಾಪ, ಈ ಚಳಿಯಲ್ಲಿ ಎರಡು ಗಂಟೆ ತನಕ ಹೇಗಿರುತ್ತಾಳೋ ಅಂದುಕೊಂಡೆ.

ಎಚೂಕಾದ ದೋಣಿಕಟ್ಟೆ ಕೆಂಪು ಮರದ ದಪ್ಪ ತೊಲೆಗಳದ್ದು, ಮೂರು ಅಂತಸ್ತು ಎತ್ತರ. ಮೆಟ್ಟಿಲಿಳಿದು ದೋಣಿ ಹತ್ತಿದೆವು. ಅದರ ಎರಡು ಪಕ್ಕದಲ್ಲೂ ದೊಡ್ಡ ಚಕ್ರಗಳು, ಹೊಟ್ಟೆಯೊಳಗೆ ಸೌದೆ ಒಲೆ. ಸಿಳ್ಳೆ ಹಾಕಿ ಹೊರಟಿತು ನೋಡಿ, ಚಕ್ರ ನೀರನ್ನು ಪಟಪಟ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ನೀರು ಹಾಲು ಕಮ್ಮಿಯಾದ ಟೀ ಬಣ್ಣ. ದಡದ ನೀಲಗಿರಿ ಮರಗಳ ಅರ್ಧ ಬೇರು ಗಾಳಿಯಲ್ಲಿ, ಅರ್ಧ ಮಣ್ಣಿನಲ್ಲಿ. ಬಿಳೀ ಕಾಕಟೂ ಹಕ್ಕಿಗಳು ಕಿರುಚಿಕೊಂಡು ತಲೆ ಮೇಲೆ ಹಾರಿದವು. ಒಲೆಯ ಪಕ್ಕದ ಬೆಚ್ಚಗಿನ ಬೆಂಚು ಹಿಡಿದು ನಾನೂ ಗಿರಿಜಳೂ ಕೂತೆವು. ಎಷ್ಟು ಹಾಯಾಗಿತ್ತು ಅಂದರೆ, ಯಾರಿಗೂ ಮಾತು ಬೇಕಿರಲಿಲ್ಲ.

ಮಾತು ಬೇಕಿದ್ದದ್ದು ಮೂರ್ತಿಯವರಿಗೆ ಮಾತ್ರ. "ಈ ದಡ ವಿಕ್ಟೋರಿಯಾ, ಆ ದಡ ನ್ಯೂ ಸೌತ್ ವೇಲ್ಸ್. ನೀರು ಪೂರ್ತಿ ಅವರದ್ದೇ!" ಮೊದಲಾಗಿದ್ದರೆ ಡಾಕ್ಟರು ತಕ್ಷಣ ಕಾವೇರಿ ಜಗಳ ತೆಗೆದು ದೋಣಿಯನ್ನೇ ನಗಿಸುತ್ತಿದ್ದರು. ಈಗ ಕಟಕಟೆ ಹಿಡಿದು ನೀರು ನೋಡುತ್ತಾ ನಿಂತಿದ್ದರು. ನಾನು ಪುಳಿಯೋಗರೆ ತಟ್ಟೆ ಕೊಡಲು ಹೋದೆ.

"ಬೇಡ ಸುಧಾ. ಅವಳು ಉಪವಾಸ ಕೂತಿರೋದು ನನ್ನಿಂದ. ಗಂಟಲಲ್ಲಿ ಇಳಿಯಲ್ಲ" ಅಂದರು.

ತಟ್ಟೆ ವಾಪಸ್ ತಂದೆ. ಗಿರಿಜಾ ಅದನ್ನು ನೋಡಿದಳು.

ದಡಕ್ಕೆ ಬಂದಮೇಲೆ ಅವಳು ಖಾಲಿ ಬಾಟಲಿ ತೆಗೆದು, "ರೀ, ಚಂದ್ರನಿಗೆ ಅರ್ಘ್ಯ ಕೊಡಕ್ಕೆ ಒಂದಿಷ್ಟು ಹೊಳೆ ನೀರು" ಅಂದಳು. ಡಾಕ್ಟರು ಒಳ್ಳೇ ಶೂ ಹಾಕಿಕೊಂಡೇ ಕೆಸರಿನ ದಡ ಇಳಿದು ತುಂಬಿಸಿಕೊಂಡು ಬಂದರು.

ಊರು ಸುತ್ತಿ, ಕಾಫಿ ಕುಡಿದು, ಕತ್ತಲಾದ ಮೇಲೆ ಹೊರಟೆವು. ಆಕಾಶದ ತುಂಬ ಮೋಡ. ಹೀತ್‌ಕೋಟ್ ಎಂಬ ಪುಟ್ಟ ಊರಾಚೆ, ರಸ್ತೆ ಪಕ್ಕ ಬೆಂಚುಗಳಿದ್ದ ಜಾಗದಲ್ಲಿ ಉಳಿದ ಬುತ್ತಿ ಮುಗಿಸಲು ನಿಲ್ಲಿಸಿದೆವು. ಊಟ ಮುಗಿದರೂ ನಾವು ಆಕಾಶ ನೋಡುತ್ತಾ ನಿಂತದ್ದು ಕಂಡು ಡ್ರೈವರ್, "ಯಾರಿಗೆ ಕಾಯ್ತಿದ್ದೀರಿ?" ಅಂದ. ಚಂದ್ರನಿಗೆ ಅಂದೆ. "ಅವನು ಟಿಕೆಟ್ ತಗೊಂಡಿದ್ದಾನಾ?" ಅಂದ ಪುಣ್ಯಾತ್ಮ.

"ಕಾದು ಪ್ರಯೋಜನ ಇಲ್ಲ, ಎರಡು ಗಂಟೆಗೆ ಮುಂಚೆ ಸಾಧ್ಯವೇ ಇಲ್ಲ" ಎಂದು ಮೂರ್ತಿ ಬೆಂಚಿನ ಮೇಲೆ ಭೂಮಿ, ಚಂದ್ರ ಅಂತ ಎರಡು ಕಿತ್ತಳೆ ಇಟ್ಟು ವಿವರಿಸತೊಡಗಿದರು. ಇಂಜಿನಿಯರುಗಳೆಲ್ಲ ಸುತ್ತ ಬಗ್ಗಿ ನಿಂತರು.

ಅಷ್ಟರಲ್ಲಿ ಅವರ ಬೆನ್ನ ಹಿಂದೆ ಮೋಡ ಹರಿಯಿತು. ಬಯಲಿನ ಬೇಲಿಯಾಚೆ ಚಂದ್ರ ಆಗಲೇ ಒಂದು ಮಾರು ಮೇಲೆ ಬಂದು, ಓರೆಯಾಗಿ, ಹಳದಿಯಾಗಿ ನಿಂತಿದ್ದ. ಮೊದಲು ಕಂಡದ್ದು ಡಾಕ್ಟರಿಗೆ.

"ಮೂರ್ತೀ! ಸ್ವಲ್ಪ ಹಿಂದೆ ತಿರುಗಿ ನೋಡೋ!"

ಇವರು ತಿರುಗಿದರು. ಒಂದು ಕೈಯಲ್ಲಿ ಕಿತ್ತಳೆ ಚಂದ್ರ, ಎದುರಿಗೆ ನಿಜವಾದ ಚಂದ್ರ, ಬಾಯಿ ಬಿಟ್ಟದ್ದು ಬಿಟ್ಟ ಹಾಗೇ.

"ಅಲ್ಲಯ್ಯಾ, ಸೂರ್ಯ ಬೆಂಗಳೂರಲ್ಲಿ ಆರಕ್ಕೆ ಹುಟ್ಟಿದರೆ ನಿನ್ನ ಲೆಕ್ಕದಲ್ಲಿ ನಮಗೆ ಬೆಳಗಾಗೋದು ಹತ್ತೂವರೆಗೆ! ಓಹೋ, ಅದಕ್ಕೇ ಇವತ್ತು ಬಸ್ಸು ಲೇಟು!" ಅಂದವರೇ ಡಾಕ್ಟರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಬಸ್ಸಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕತ್ತಲಲ್ಲಿ ಎಲ್ಲೋ ಒಂದು ನಾಯಿ ಬೊಗಳಿತು. ನಾವೂ ನಕ್ಕೆವು, ಡ್ರೈವರೂ ಯಾಕೆಂದು ತಿಳಿಯದೆ ನಕ್ಕ.

ಗಿರಿಜಾ ಮರ್ರೆಯ ನೀರಿನಿಂದ ಅರ್ಘ್ಯ ಕೊಟ್ಟು, ಡಬ್ಬಿ ತೆರೆದು ಮೊದಲ ಕಡುಬನ್ನು ಗಂಡನ ಕೈಗಿಟ್ಟಳು. ಅವರು ಎರಡೇ ತುತ್ತಿಗೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು.

ಬಸ್ಸು ಹೊರಟಮೇಲೆ ನಾನು ಅವಳ ಪಕ್ಕ ಕೂತು, "ಅಂತೂ ಹರಕೆ ಮುಗೀತು. ಇನ್ನು ಆ ಪರೀಕ್ಷೆ ಒಂದು ಪಾಸಾಗಿಬಿಡ್ಲಿ ಕಣೇ" ಅಂದೆ.

"ಪರೀಕ್ಷೆಗೆ ಅಂತ ಯಾರು ಹೇಳಿದರು ನಿಂಗೆ?" ಅಂದಳು. ಹಿಂದಿನ ಸೀಟಿನಲ್ಲಿ ಡಾಕ್ಟರು ಇನ್ನೂ ಮೂರ್ತಿಯವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಅವಳು ಒಂದು ಗಳಿಗೆ ಅದನ್ನೇ ಕೇಳಿಸಿಕೊಂಡಳು. "ಇವರು ಮತ್ತೆ ಮೊದಲಿನ ಹಾಗೆ ನಗಲಿ ಅಂತ ಕೇಳ್ಕೊಂಡಿದ್ದೆ, ಅಷ್ಟೇ. ಪುಳಿಯೋಗರೆ ಉಳಿದಿದ್ದರೆ ಹಾಕೇ, ಹಸಿವು."